ಪ್ಲೇಟು ಹಾಕಿದ ತೋಳು

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಇದ್ದವರು ಇಬ್ಬರೇ, ಮರುಳಾರಾಧ್ಯರೆಂಬ ವೃದ್ಧ ಗುರುಗಳು ಮತ್ತು ಅವರ ಶಿಷ್ಯ ಸಿದ್ದಮಲ್ಲ.

ಒಂದು ಬೆಳಿಗ್ಗೆ ಗುರುಗಳು ಸ್ನಾನಕ್ಕೆ ಇಳಿಯುವಾಗ ಮೆಟ್ಟಿಲ ಪಾಚಿಯ ಮೇಲೆ ಜಾರಿ ಬಿದ್ದರು. ಬಲತೋಳಿನ ಮೂಳೆ ಭುಜದ ಹತ್ತಿರವೇ ಮುರಿಯಿತು. ಪಾಚಿ ಉಜ್ಜಬೇಕಾಗಿದ್ದವನು ಸಿದ್ದಮಲ್ಲ.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಮುರಿದ ತುಂಡುಗಳನ್ನು ಕೂಡಿಸಿ, ಮೇಲೊಂದು ಪ್ಲೇಟು ಇಟ್ಟು ಸ್ಕ್ರೂ ಬಿಗಿದರು. ಕಳಿಸುವಾಗ ಡಾಕ್ಟರಮ್ಮ ಸಿದ್ದಮಲ್ಲನನ್ನು ಪಕ್ಕಕ್ಕೆ ಕರೆದರು.

"ಅವರಾಗಿ ತೋಳು ಎತ್ತುವುದು ಬೇಡ. ಮೊಣಕೈ ಹಿಡಿದು ನೀವೇ ನಿಧಾನವಾಗಿ ಎತ್ತಿ, ಭುಜದ ಮಟ್ಟದವರೆಗೆ. ವಯಸ್ಸಾದ ಮೂಳೆ, ಜೋರು ಮಾಡಿದರೆ ಸ್ಕ್ರೂ ಸಡಿಲವಾದೀತು. ಹಾಗಂತ ಬಿಟ್ಟರೆ ಭುಜ ಬಿಗಿದುಹೋಗುತ್ತದೆ."

ಸ್ಕ್ರೂ ಸಡಿಲವಾದೀತೆಂಬ ಮಾತು ಸಿದ್ದಮಲ್ಲನ ಎದೆಯಲ್ಲೇ ಕೂತಿತು. ದಿನವೂ ತೋಳು ಎತ್ತುವನು. ಗುರುಗಳ ಹುಬ್ಬು ಗಂಟಿಕ್ಕಿದರೆ ಸಾಕು, ಇಳಿಸಿಬಿಡುವನು.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. "ಪ್ಲೇಟು ಕದಲಿಲ್ಲ. ಆದರೆ ಭುಜ ಬಿಗಿಯುತ್ತಿದೆ. ಎತ್ತುತ್ತಿದ್ದೀರಾ?"

"ಎತ್ತುತ್ತಿದ್ದೇನೆ" ಎಂದ ಸಿದ್ದಮಲ್ಲ.

ಗುರುಗಳು ಆಶ್ರಮಕ್ಕೆ ಬಂದವರೇ ಜಗಲಿಯಲ್ಲಿ ಕೂತು, "ಬಾ, ಹಿಡಿ" ಎಂದರು.

ಸಿದ್ದಮಲ್ಲ ಎತ್ತಿದ. ಗುರುಗಳ ಉಸಿರು ಸಿಕ್ಕಿಕೊಂಡಿತು. ಅವನ ಕೈ ನಿಂತಿತು.

"ಯಾಕೆ ನಿಲ್ಲಿಸಿದೆ?"

"ತಮಗೆ ನೋವಾಯಿತು, ಬುದ್ಧಿ."

"ನಿಲ್ಲಿಸು ಅಂದೆನೆ?"

"ಇಲ್ಲ. ಒಂದು ಸಲ ನನ್ನಿಂದಲೇ ಈ ತೋಳು ಮುರಿಯಿತು. ಇನ್ನೊಂದು ಸಲ ಹಾಗಾದರೆ ನಾನು ತಾಳಲಾರೆ. ಬೇರೆ ಯಾರನ್ನಾದರೂ ಕರೆಸೋಣ."

ಗುರುಗಳು ಎಡಗೈಯಿಂದ ಅವನ ಕೈಯನ್ನು ಹಿಡಿದು ತಮ್ಮ ಬಲ ಮೊಣಕೈಯ ಕೆಳಗೆ ಇಟ್ಟುಕೊಂಡರು.

"ಎತ್ತು."

ಅವನು ಎತ್ತಿದ. ಗುರುಗಳ ಕಣ್ಣಲ್ಲಿ ನೀರು ತುಂಬಿತು. ಹಲ್ಲು ಕಚ್ಚಿಕೊಂಡರು. ಎಲ್ಲಿ ಏನು ಕಳಚುವುದೋ ಎಂದು ಅವನ ಕಿವಿ ತೋಳಿನ ಮೇಲೆಯೇ ಇತ್ತು. ಏನೂ ಕಳಚಲಿಲ್ಲ. ಅಷ್ಟಷ್ಟೇ ಮೇಲೆ ಬಂದು ತೋಳು ಭುಜದ ಮಟ್ಟ ಮುಟ್ಟಿತು. ಅಷ್ಟೇ ನಿಧಾನವಾಗಿ ಇಳಿಸಿದ.

ಇಬ್ಬರೂ ಬೆವೆತಿದ್ದರು.

"ತಪ್ಪಾಯಿತು, ಬುದ್ಧಿ. ತಮ್ಮ ನೋವು ನೋಡಲಾಗದೆ ಇಷ್ಟು ದಿನ ಅರ್ಧಕ್ಕೇ ಬಿಟ್ಟುಬಿಟ್ಟೆ."

ಗುರುಗಳು ಕಣ್ಣೊರೆಸಿಕೊಂಡರು.

"ನೋಡಲಾಗದ್ದು ನಿನಗೆ, ಮರಿ. ಬಿಗಿದದ್ದು ನನ್ನ ತೋಳು."