ಹಲ್ಲಿಯ ತಪಾಸಣೆ

ಹಲ್ಲಿಗೆ ಪುರಸಭೆಯಲ್ಲಿ ಕಟ್ಟಡ ತಪಾಸಣೆಯ ಕೆಲಸ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ. ಗೋಡೆ ಹತ್ತಿ ಇಳಿದು ಹೊಟ್ಟೆಯ ತೊಗಲು ಆಗಲೇ ಸವೆದಿತ್ತು. ಆ ದಿನ ಕಡೆಯದಾಗಿ ನೋಡಿದ್ದು, ಇಲಿಗಳಿಗೆ ಬಾಡಿಗೆಗೆ ಕೊಡಲು ಹೆಗ್ಗಣ ಕಟ್ಟಿಸಿದ ಮಹಡಿ ಮನೆ. ಅದರ ಬುಡವನ್ನು ಹೆಗ್ಗಣವೇ ತನ್ನ ಬಿಲಕ್ಕಾಗಿ ಕೊರೆದು ಪೊಳ್ಳು ಮಾಡಿತ್ತು.

ಒಳಗೆ ಗೃಹಪ್ರವೇಶ ನಡೆದಿತ್ತು. "ಈ ಮನೆ ನೂರು ವರ್ಷ ಅಲ್ಲಾಡುವುದಿಲ್ಲ," ಎಂದು ಹೆಗ್ಗಣ ನೆರೆದ ಇಲಿಗಳಿಗೆ ಹೇಳಿತು.

ಅದನ್ನು ತಡೆಯಲು ಹಲ್ಲಿ ಗೋಡೆಯ ಮೇಲಿಂದ ಬಾಯಿ ತೆರೆಯಿತು. ಲೊಚಗುಟ್ಟದೆ ಮಾತು ಶುರು ಮಾಡುವುದು ಅದರ ಜಾತಿಗೇ ಬಾರದು. "ಲೊಚ್, ಲೊಚ್..."

"ಕೇಳಿದಿರಾ? ಹಲ್ಲಿ ನುಡಿಯಿತು, ನನ್ನ ಮಾತು ನಿಜ!" ಎಂದಿತು ಹೆಗ್ಗಣ. ಇಲಿಗಳೆಲ್ಲ ನೆಲಕ್ಕೆ ಬೆರಳು ಕುಟ್ಟಿ, "ಸತ್ಯ, ಸತ್ಯ" ಎಂದವು. "ಬುಡ ಪೊಳ್ಳು, ಹೊರಗೆ ನಡೆಯಿರಿ" ಎಂಬ ಉಳಿದ ಮಾತು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹಲ್ಲಿ ಮತ್ತೆ ಲೊಚಗುಟ್ಟಿತು. ಅವು ಇನ್ನೂ ಜೋರಾಗಿ ಕುಟ್ಟಿದವು. ಕುಟ್ಟಿದ ಏಟಿಗೇ ನೆಲ ಕುಸಿದು ಮನೆ ಮಗುಚಿತು.

ವಿಚಾರಣೆಗೆ ಮೇಲಧಿಕಾರಿ ಓತಿಕ್ಯಾತ ಬಂದಿತು. ಯಾರು ಏನು ಹೇಳಿದರೂ ತಲೆಯಾಡಿಸುವುದು ಅದರ ಅಭ್ಯಾಸ.

"ಮನೆ ಗಟ್ಟಿ ಎಂದವರು ಈ ಸಾಹೇಬರೇ," ಎಂದಿತು ಹೆಗ್ಗಣ.

ಓತಿಕ್ಯಾತ ತಲೆಯಾಡಿಸಿ, "ಏನಪ್ಪಾ, ಹೌದೇ?" ಎಂದು ಹಲ್ಲಿಯನ್ನು ಕೇಳಿತು.

ಬಾಲ ಕಳೆದುಕೊಂಡು, ಮೈಯೆಲ್ಲ ಮಣ್ಣಾಗಿ ಮುರುಕು ಗೋಡೆಗೆ ಒರಗಿದ್ದ ಹಲ್ಲಿ ನಿಜ ಹೇಳಲು ಬಾಯಿ ತೆರೆಯಿತು. "ಲೊಚ್..."

ಬದುಕುಳಿದ ಇಲಿಗಳು ಕಲ್ಲುಮಣ್ಣಿನ ರಾಶಿಗೆ ಬೆರಳು ಕುಟ್ಟಿದವು. "ಸತ್ಯ, ಸತ್ಯ."