ಒಂಬತ್ತು ಸಂಜೆಯ ಚೀಟಿ

ಹೊಳೆಯ ದಂಡೆಯ ಆಶ್ರಮದಲ್ಲಿ ಯೇಸುವನ್ನು ನಂಬಿದ ಏಳೆಂಟು ಜನ ಇದ್ದರು. ಅವರಿಗೆ ಗುರು ಜ್ಞಾನಮ್ಮ. ಕಿವಿ ಸ್ವಲ್ಪ ಮಂದ, ನಾಲಗೆ ಚುರುಕು.

ಪ್ರಾರ್ಥನಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇತ್ತು. ಊರಿನವರು ತಮ್ಮ ಕೋರಿಕೆಗಳನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಿದ್ದರು. ಸಂಜೆ ಏಳಕ್ಕೆ ಎಲ್ಲರೂ ಸೇರಿದಾಗ ಶಿಷ್ಯ ರಾಯಪ್ಪ ಅವನ್ನು ಮೈಕಿನಲ್ಲಿ ಓದಬೇಕು. ಒಂದು ಚೀಟಿಗೆ ಒಂಬತ್ತು ಸಂಜೆ. ಹತ್ತನೆಯ ದಿನ ಅದು ಒಲೆಗೆ.

ರಾಯಪ್ಪ ಒಲೆಗೆ ಹಾಕಲಿಲ್ಲ. ಬಿಸ್ಕೆಟ್ ಡಬ್ಬದಲ್ಲಿ ಕೂಡಿಟ್ಟ.

ವರ್ಷವಾದ ಮೇಲೆ ಒಂದು ಬೆಳಿಗ್ಗೆ ಆ ಡಬ್ಬವನ್ನು ತಂದು ಜ್ಞಾನಮ್ಮನ ಮುಂದಿಟ್ಟ. ಅವರು ಅವರೆಕಾಯಿ ಸುಲಿಯುತ್ತಿದ್ದರು.

“ಅಮ್ಮ, ನಾನು ಊರಿಗೆ ಹೋಗ್ತೀನಿ.”

“ಯಾಕಪ್ಪ, ಊಟ ಸರಿಹೋಗ್ತಿಲ್ವ?”

“ಊಟದ ಮಾತಲ್ಲ. ಒಂದು ವರ್ಷ ಓದಿದೆ. ದೇವರು ಕೇಳಿಸಿಕೊಂಡ ಅಂತ ಒಬ್ಬರೂ ಬಂದು ಹೇಳಲಿಲ್ಲ. ಲಿವರ್ ಕೆಟ್ಟು ಮಲಗಿದ್ನಲ್ಲ ಇನ್ನಾಸಿ, ಅವನಿಗಾಗಿ ಗಂಟಲು ಕಟ್ಟೋವರೆಗೆ ಓದಿದೆ. ಹತ್ತನೇ ದಿನ ಅವನ ಮಣ್ಣಿಗೆ ಹೋಗಿ ಬಂದೆ. ಗೋಡೆಗೆ ಓದೋ ಕೆಲಸ ಇನ್ನು ನನಗೆ ಬೇಡ.”

“ಬಸ್ಸು ಎಷ್ಟು ಹೊತ್ತಿಗೆ?”

“ಮೂರು ಗಂಟೆಗೆ.”

“ಹಾಗಾದ್ರೆ ಟೈಮಿದೆ.” ಜ್ಞಾನಮ್ಮ ಡಬ್ಬದಲ್ಲಿ ಕೈಯಾಡಿಸಿ ನಾಲ್ಕು ಚೀಟಿ ಆರಿಸಿದರು. “ಇವನ್ನ ಬರೆದವರಿಗೇ ವಾಪಸ್ ಕೊಟ್ಟು ಹೋಗು. ಉಪದೇಶ ಮಾಡಬೇಡ.”

ನಾಲ್ಕನೆಯದು ಇನ್ನಾಸಿಯ ಹೆಂಡತಿ ಫಿಲೋಮಿನಾ ಬರೆದದ್ದು. ರಾಯಪ್ಪ ಅದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟುಕೊಂಡ.

ಮೊದಲು ಸಂತಾನಮ್ಮ. ಮಂಡಿನೋವು ಹೋಗಲಿ ಎಂದು ಬರೆದಿದ್ದ ಮುದುಕಿ ಏಣಿ ಹತ್ತಿ ಹೆಂಚು ಸರಿಮಾಡುತ್ತಿದ್ದಳು.

“ಯಾವ ಮಂಡಿ?” ಎಂದು ಎರಡನ್ನೂ ನೋಡಿಕೊಂಡಳು. “ಓ, ಇದಾ. ಅದು ಯಾವಾಗಲೋ ಹೋಯ್ತು. ಹೇಗೂ ಬಂದಿದ್ದೀಯ, ಇನ್ನೊಂದು ಬರ್ಕೊ. ಬಾಯಲ್ಲಿ ಹುಣ್ಣು.”

ಆಮೇಲೆ ಅರುಳಪ್ಪ. ಮಗ ಹತ್ತನೇ ಕ್ಲಾಸು ಪಾಸಾಗಲಿ ಎಂದು ಬರೆದಿದ್ದ.

“ಪಾಸಾದ, ಬ್ರದರ್. ಈಗ ಅಪ್ಪನ ಮಾತೇ ಕೇಳಲ್ಲ. ಅದಕ್ಕೊಂದು ಓದಿ.”

ಮೂರನೆಯವಳು ತೆರೇಜಮ್ಮ. ಪಕ್ಕದ ಮನೆಯ ಹುಂಜ ಬೆಳಗಿನ ಜಾವ ಕೂಗಿ ನಿದ್ದೆ ಕೆಡಿಸುತ್ತದೆ, ಅದು ಸಾಯಲಿ ಎಂದು ಬೇಡಿಕೊಂಡಿದ್ದಳು. ರಾಯಪ್ಪ ಅದನ್ನು ‘ನೆರೆಹೊರೆಯ ಶಾಂತಿಗಾಗಿ’ ಎಂದು ತಿದ್ದಿ ಓದಿದ್ದ.

“ಅವರ ಮಗಳನ್ನೇ ಸೊಸೆ ಮಾಡ್ಕೊಂಡ್ವಲ್ಲ. ಹುಂಜ ಬೀಗರೂಟಕ್ಕೆ ಹೋಯ್ತು. ಈಗ ಸೊಸೆ ಏಳೋದೇ ಲೇಟು. ಅದನ್ನ ಬರ್ಕೊಳ್ಳಿ.”

ದೇವರ ಸುದ್ದಿ ಯಾರೂ ಎತ್ತಲಿಲ್ಲ.

ಫಿಲೋಮಿನಾಳ ಮನೆಯನ್ನು ರಾಯಪ್ಪ ಎರಡು ಸಲ ದಾಟಿ ಹೋದ. ಮೂರನೆಯ ಸಲ ಅವಳೇ ಕರೆದಳು.

“ಬ್ರದರ್, ಏನು ಕಳ್ಕೊಂಡಿದ್ದೀರಿ?”

ಅವನು ಚೀಟಿ ಚಾಚಿದ. “ಒಂಬತ್ತು ಸಂಜೆ ಓದಿದೆ, ಅಕ್ಕ. ಏನೂ ಆಗಲಿಲ್ಲ. ಬೈಯೋದಿದ್ದರೆ ಬೈದುಬಿಡಿ.”

ಫಿಲೋಮಿನಾ ಕೈ ಒರೆಸಿಕೊಂಡು ಚೀಟಿ ಬಿಡಿಸಿದಳು. ತನ್ನದೇ ಅಕ್ಷರವನ್ನು ನಿಧಾನವಾಗಿ ಓದಿದಳು.

“ಏಳು ಗಂಟೆಗೆ ಕಿಟಕಿ ತೆಗಿ ಅಂತಿದ್ರು ಇವರು. ನೀವು ಮೈಕಲ್ಲಿ ಹೆಸರು ಓದ್ತಿದ್ರಿ. ಊರೆಲ್ಲ ‘ಪ್ರಭುವೇ, ಆಲಿಸು’ ಅಂತಿತ್ತು. ಇವರು ಜಗಳ ಆಡದ ಮನೆ ಊರಲ್ಲಿ ಯಾವುದಿತ್ತು, ಹೇಳಿ. ನಾಲ್ಕನೇ ಸಂಜೆ, ‘ಲೇ, ಅದು ಪಕ್ಕದ ಮನೆ ಚೌರಿ ದನಿ ಕಣೇ. ಬೇಲಿ ಕೇಸು ಹಾಕಿದವನು ನನಗಾಗಿ ಬೇಡ್ತಿದ್ದಾನೆ’ ಅಂದ್ರು. ಮಾರನೇ ದಿನ ಚೌರಿಯನ್ನ ಕರೆಸಿದ್ರು.”

“ಏನು ಮಾತಾಡಿದ್ರು?”

“ನನ್ನನ್ನ ಹೊರಗೆ ಕಳಿಸಿದ್ರು. ಆದರೆ ಹನ್ನೊಂದು ವರ್ಷ ಆದ ಮೇಲೆ ಅವತ್ತು ಆ ಮನೆಯಿಂದ ಸಾರು ಬಂತು. ಇವರು ಎರಡು ತುತ್ತು ಉಂಡ್ರು. ಈಗಲೂ ಬರ್ತಿದೆ.”

ಅವಳು ಚೀಟಿಯನ್ನು ಮತ್ತೆ ಮಡಚಿದಳು.

“ನಾನು ಕೇಳಿದ್ದು ಸಾರಲ್ಲ, ಬ್ರದರ್. ಗಂಡನನ್ನ ಉಳಿಸು ಅಂತ ಕೇಳಿದ್ದೆ. ಅದರ ಬಗ್ಗೆ ದೇವರ ಜೊತೆ ನನಗೆ ಇನ್ನೂ ಮಾತಿದೆ. ಆದರೆ ಅವರು ಯಾರ ಮೇಲೂ ಸಿಟ್ಟಿಲ್ಲದೆ ಹೋದರು. ಅದಕ್ಕೆ ವಂದನೆ ಹೇಳಬೇಕು ಅಂತಿದ್ದೆ. ಗಂಡನನ್ನ ಕಳ್ಕೊಂಡವಳು ವಂದನೆ ಅಂದ್ರೆ ಜನ ಏನಂದ್ಕೋತಾರೋ ಅಂತ ಬರಲಿಲ್ಲ. ನೀವೇ ಓದಿಬಿಡಿ.”

ಅದೇ ಚೀಟಿಯ ಹಿಂಬದಿಗೆ ಎರಡು ಸಾಲು ಬರೆದುಕೊಟ್ಟಳು.

ರಾಯಪ್ಪನ ಎದೆಯ ಮೇಲೆ ಇಷ್ಟು ದಿನ ಕೂತಿದ್ದದ್ದು ಏನೋ ಎದ್ದು ಹೋದಂತಾಯಿತು. ಜಗಲಿಯಲ್ಲಿ ಕೂತು ಒಂದು ಚೊಂಬು ನೀರು ಕುಡಿದ. ಮೂರರ ಬಸ್ಸು ಹಾರ್ನ್ ಹಾಕಿಕೊಂಡು ಸೇತುವೆ ದಾಟಿತು. ಅವನು ಏಳಲಿಲ್ಲ.

ಆಶ್ರಮಕ್ಕೆ ಬಂದಾಗ ಜ್ಞಾನಮ್ಮ ಕೇಳಿದರು, “ಬಸ್ಸು?”

“ಹೋಯ್ತು.”

“ಪಾಪ.”

ರಾಯಪ್ಪ ನಕ್ಕುಬಿಟ್ಟ. ನಡೆದದ್ದನ್ನೆಲ್ಲ ಹೇಳಿದ.

“ಫಿಲೋಮಿನಕ್ಕನದ್ದನ್ನ ಇವತ್ತು ಮೊದಲು ಓದ್ತೀನಿ, ಅಮ್ಮ. ಆದರೆ ಆ ಮೂವರು? ಕೇಳಿದ್ದು ಸಿಕ್ಕಿದೆ, ಬಾಯಿಮಾತಿಗೂ ಒಂದು ವಂದನೆ ಇಲ್ಲ. ಬಾಯಿಹುಣ್ಣು, ಮಗ, ಸೊಸೆ ಅಂತ ಮತ್ತೆ ಹೊಸ ಚೀಟಿ. ಇಂಥವರ ನಂಬಿಕೆಯನ್ನ ಏನಂತ ನಂಬೋದು?”

ಜ್ಞಾನಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದರು.

“ಯಾರೂ ಇಲ್ಲದ ಮನೆ ಮುಂದೆ ಎರಡನೇ ಸಲ ಹೋಗಿ ಯಾರು ಕೂಗ್ತಾರೆ, ರಾಯಪ್ಪ?”