ಹೆಸರು ಬದಲಿಸಲಾಗಿದೆ

ನದಿಯ ಈಚೆ ದಡದಲ್ಲಿ ಒಂದು ಡಿಗ್ರಿ ಕಾಲೇಜು. ಆಚೆ ದಡದಲ್ಲಿ ನಾಲ್ಕು ಹಳ್ಳಿ. ನಡುವೆ ಸೇತುವೆಯಿಲ್ಲ, ಏಳು ತೆಪ್ಪಗಳಿವೆ.

ಆ ಕಾಲೇಜಿನಲ್ಲಿ ದೇವೀರಪ್ಪ ಮೇಷ್ಟ್ರು ಸಮಾಜಶಾಸ್ತ್ರ ಹೇಳುತ್ತಿದ್ದರು. ಬಿ.ಎ. ಕೊನೆಯ ವರ್ಷದವರೆಲ್ಲ ಒಂದೊಂದು ಸಂಶೋಧನೆಯ ಪ್ರಾಜೆಕ್ಟು ಮಾಡಲೇಬೇಕು ಅನ್ನುವುದು ಅವರೇ ಹಟ ಹಿಡಿದು ತಂದ ಪದ್ಧತಿ. ಇತಿಹಾಸದವರು ವೀರಗಲ್ಲು ಹುಡುಕಿಕೊಂಡು ಹೋಗುತ್ತಿದ್ದರು. ಕನ್ನಡದವರು ಸೋಬಾನೆ ಪದ ಬರೆದುಕೊಳ್ಳುತ್ತಿದ್ದರು. ಅರ್ಥಶಾಸ್ತ್ರದವರು ಸಂತೆಯಲ್ಲಿ ನಿಂತು ಕಂಡವರನ್ನೆಲ್ಲ ಮಾತಾಡಿಸಿ ಬೈಸಿಕೊಳ್ಳುತ್ತಿದ್ದರು.

ಮೇಷ್ಟ್ರ ಶಿಷ್ಯ ನಂಜುಂಡ ನದಿಗೆ ಹೋದ.

ತೆಪ್ಪ ಹಾಕುವ ಏಳು ಜನರಲ್ಲಿ ಹೊನ್ನಮ್ಮ ಒಬ್ಬಳೇ ಹೆಂಗಸು. ಗಂಡ ತೀರಿಕೊಂಡ ಮೇಲೆ ಹುಟ್ಟು ಹಿಡಿದವಳು. ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ನಂಜುಂಡ ಹದಿನೈದು ದಿನ ಅವಳ ಜೊತೆ ಆಚೆ ಈಚೆ ತಿರುಗಿದ. ಹದಿನಾರನೆಯ ದಿನ, ತೆಪ್ಪದಲ್ಲಿ ಬೇರೆ ಯಾರೂ ಇಲ್ಲದಾಗ, ಅವಳು ಒಂದು ಮಾತು ಹೇಳಿದಳು.

"ನಂಗೆ ಈಜು ಬರಲ್ಲ ಕಣಪ್ಪ. ಇವತ್ತಿಗೂ ನಡುನೀರಲ್ಲಿ ಭಯ ಆಯ್ತದೆ."

ನಂಜುಂಡನ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಓಡಿತು.

"ಅದ್ನೂ ಬರ್ಕೊಂಡ್ಯಾ?"

"ಮಾರ್ಕ್ಸಿಗೆ ಅಕ್ಕ. ನಿನ್ನ ಹೆಸರು ಬದಲಾಯಿಸ್ತೀನಿ."

ಮಾತಿಗೆ ತಪ್ಪಲಿಲ್ಲ, ಬದಲಾಯಿಸಿದ. ಪ್ರಾಜೆಕ್ಟಿನ ಮೂವತ್ತೊಂದನೆಯ ಪುಟದಲ್ಲಿ ಹೀಗಿತ್ತು: "ಲಕ್ಷ್ಮಿ (ಹೆಸರು ಬದಲಿಸಲಾಗಿದೆ), ಈ ದಡದಲ್ಲಿ ತೆಪ್ಪ ನಡೆಸುವ ಏಕೈಕ ಮಹಿಳೆ. ಇವರಿಗೆ ಈಜು ಬರುವುದಿಲ್ಲ."

ಮೇಷ್ಟ್ರು ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ "ಭೇಷ್" ಅಂತ ಬರೆದರು. ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು. ಬೈಂಡು ಮಾಡಿಸಿ ಲೈಬ್ರರಿಯಲ್ಲಿ ಇಟ್ಟರು.

ಬಹುಮಾನ ಬಂದದ್ದರಲ್ಲಿ ಏನಿದೆ ನೋಡೋಣ ಅಂತ ಆಚೆ ದಡದ ಹುಡುಗಿಯರು ತೆಗೆದು ಓದಿದರು. ಮನೆಗೆ ಹೋಗಿ ಅಮ್ಮಂದಿರಿಗೆ ಹೇಳಿದರು.

ಒಂದೇ ವಾರ. ಹೊನ್ನಮ್ಮನ ತೆಪ್ಪಕ್ಕೆ ಗಿರಾಕಿ ನಿಂತುಹೋಯಿತು. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಪಕ್ಕದ ತೆಪ್ಪ ಹತ್ತಿದರು, ಅಷ್ಟೇ. ಕಸುಬು ಮುಳುಗುವುದು ಹೆಚ್ಚಾಗಿ ಹೀಗೇ, ಸದ್ದಿಲ್ಲದೆ.

ಸುದ್ದಿ ನಂಜುಂಡನ ಕಿವಿಗೆ ಬಿದ್ದಾಗ ಅವನಿಗೆ ಅನ್ನ ಇಳಿಯಲಿಲ್ಲ. ಲೈಬ್ರರಿಯಿಂದ ತನ್ನ ಪ್ರಾಜೆಕ್ಟು ಎತ್ತಿಕೊಂಡು ಬಂದ. ಮೇಷ್ಟ್ರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು.

"ಮೇಷ್ಟ್ರೇ, ನಾನು ಹೆಸರು ಬದಲಾಯಿಸಿದ್ದೆ."

"ಆನೆ ಮುಖಕ್ಕೆ ಕರ್ಚೀಫು ಕಟ್ಟಿ, ಬಚ್ಚಿಟ್ಟಿದ್ದೀನಿ ಅಂದ ಹಾಗಾಯ್ತು."

ನಂಜುಂಡನ ಮುಖ ಕೆಂಪಾಯಿತು.

"ಆದ್ರೆ ನಾನು ಬರೆದದ್ದು ಸುಳ್ಳಲ್ಲವಲ್ಲ. ತೆಪ್ಪ ಹತ್ತೋರಿಗೆ ಅದು ಗೊತ್ತಿರಬೇಡವಾ?"

"ಉಳಿದ ಆರು ಜನಕ್ಕೆ ಈಜು ಬರುತ್ತಾ?"

ನಂಜುಂಡ ಪುಟ ತಿರುವತೊಡಗಿದ.

"ಕೇಳಿದ್ಯಾ?"

"ಇಲ್ಲ."

"ಇಪ್ಪತ್ತೆರಡು ವರ್ಷದಲ್ಲಿ ಅವಳ ತೆಪ್ಪ ಎಷ್ಟು ಸಲ ಮಗುಚಿದೆ?"

"ಒಂದು ಸಲಾನೂ ಇಲ್ಲ."

"ಅದನ್ನ ಯಾವ ಪುಟದಲ್ಲಿ ಬರೆದಿದ್ದೀಯ?"

"ಬರೆದಿಲ್ಲ ಮೇಷ್ಟ್ರೇ. ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ."

ಮೇಷ್ಟ್ರು ಅವನ ಕೈಯಲ್ಲಿದ್ದ ಪ್ರಾಜೆಕ್ಟಿನ ಮೂವತ್ತೊಂದನೆಯ ಪುಟ ತೆರೆದರು.

"ನನಗೂ ಕಾಣಲಿಲ್ಲ," ಅಂದರು. "ಕೆಂಪು ಶಾಯಿ ನನ್ನದೇ."

"ಈ ಪುಟ ಹರಿದುಬಿಡ್ತೀನಿ."

"ಹರಿ."

ಹರಿದ. ಹರಿದ ಹಾಳೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

"ಈಗ ಆಚೆ ದಡದ ಮನೆ ಮನೆಗೂ ಹೋಗಿ ಹೇಳು," ಅಂದರು ಮೇಷ್ಟ್ರು. "ಹಾಳೆ ಹರಿದಿದ್ದೀನಿ, ಮರೆತುಬಿಡಿ ಅಂತ."

ನಂಜುಂಡ ತಲೆ ತಗ್ಗಿಸಿದ. ಮೇಷ್ಟ್ರು ಎದ್ದು ಮೆಟ್ಟಿಲು ಇಳಿದರು. ಅವನೂ ಹಿಂದೆ ಇಳಿದ.

ಹೊನ್ನಮ್ಮ ತೆಪ್ಪ ಬೋರಲು ಹಾಕಿಕೊಂಡು ಒರೆಸುತ್ತಿದ್ದಳು. ತೆಪ್ಪ ಒಣಗಿಯೇ ಇತ್ತು. ಗಿರಾಕಿಯಿಲ್ಲದ ಅಂಗಡಿಯವರು ಕೊಡವಿದ ಧೂಳನ್ನೇ ಮತ್ತೆ ಕೊಡವುತ್ತಾರಲ್ಲ, ಹಾಗೆ.

"ಅಕ್ಕ, ತಪ್ಪಾಯ್ತು."

"ಕೂತ್ಕೋ. ಉಂಡ್ಯಾ?"

"ಬೈದುಬಿಡು ಅಕ್ಕ."

"ಬೈದ್ರೆ ನಿಂಗೆ ಹಗುರಾಯ್ತದೆ. ನಂಗೇನಾಯ್ತದೆ?"

"ಇನ್ನೊಂದು ಬರೀತೀನಿ. ಒಂದು ಸಲಾನೂ ತೆಪ್ಪ ಮಗುಚಿಲ್ಲ ಅಂತ. ಪೇಪರಿಗೆ ಕೊಡ್ತೀನಿ."

"ಬ್ಯಾಡ ಕಣಪ್ಪ. ನನ್ನ ವಿಸ್ಯ ಬರ್ದಿದ್ದು ಸಾಕು." ಒರೆಸುವ ಬಟ್ಟೆಯನ್ನು ಹಿಂಡಿದಳು. ಅದರಲ್ಲಿ ನೀರಿರಲಿಲ್ಲ. "ಆ ಮಾತ ನನ್ನ ಮಗಳಿಗೂ ಹೇಳಿರ್ಲಿಲ್ಲ. ನೀನು ದಿನಾ ಬಂದು ಕೂರ್ತಿದ್ದೆ. ಮನೆ ಹೈದ ಅನ್ನಿಸ್ತು."

ನಂಜುಂಡ ಎಷ್ಟೋ ಬೈಗುಳ ನಿರೀಕ್ಷಿಸಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು.

"ಹೊನ್ನಮ್ಮ, ನಾವಿಬ್ಬರು ಆಚೆ ದಡಕ್ಕೆ ಹೋಗಬೇಕಿತ್ತು."

"ಪಕ್ಕದ್ದು ಹೊರಡಕ್ಕೆ ನಿಂತದೆ. ಅದ್ರಲ್ಲಿ ಹೋಗಿ ಮೇಷ್ಟ್ರೇ."

"ಇದರಲ್ಲಿ ಹೋಗ್ತೀವಿ."

ಅವಳು ಅವರ ಮುಖವನ್ನು ಒಮ್ಮೆ ನೋಡಿ, ತೆಪ್ಪ ಮಗುಚಿ ನೀರಿಗೆ ಎಳೆದಳು.

ಪಕ್ಕದ ತೆಪ್ಪದವನು ಕೂಗಿದ. "ಮೇಷ್ಟ್ರೇ, ಇನ್ಶೂರೆನ್ಸು ಮಾಡ್ಸಿದ್ದೀರಾ?"

ಅವನ ತೆಪ್ಪದಲ್ಲಿದ್ದವರು ನಕ್ಕರು. ಹೊನ್ನಮ್ಮನಿಗೆ ಕೇಳಿಸಿತು. ಹುಟ್ಟು ಹಾಕಿದಳು.

ನಡುನೀರಿನಲ್ಲಿ ಸೆಳೆತ ಜೋರಿತ್ತು. ತೆಪ್ಪ ಒಂದು ಸುತ್ತು ತಿರುಗಿತು. ಮೇಷ್ಟ್ರು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡರು. ಬೆರಳ ಗೆಣ್ಣು ಬೆಳ್ಳಗಾದವು. ಕಣ್ಣು ಮುಚ್ಚಿದ್ದವು. ತುಟಿ ಏನೋ ಗೊಣಗುತ್ತಿತ್ತು.

ಹೊನ್ನಮ್ಮ ಆ ಕೈಗಳನ್ನು ನೋಡಿದಳು.

"ಆ ಕಡೆ ಭಾರ ಜಾಸ್ತಿ ಆಯ್ತು ಮೇಷ್ಟ್ರೇ," ಅಂದಳು. "ಒಸಿ ನಡುಕ್ಕೆ ಬಂದು ಕೂತ್ಕಳಿ."

ಮೇಷ್ಟ್ರು ತೆವಳಿಕೊಂಡು ನಡುವೆ ಬಂದು ಕೂತರು. ಅವಳು ಮುಖ ಆಚೆ ತಿರುಗಿಸಿ, ಈ ಸಲ ಹುಣಿಸೆಮರ ಚೆನ್ನಾಗಿ ಬಿಟ್ಟಿದೆ ಅಂತ ಏನೇನೋ ಮಾತಾಡುತ್ತ ದಡ ಮುಟ್ಟಿಸಿದಳು.

ಅಲ್ಲಿ ಐದಾರು ಹೆಂಗಸರು ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಹೊನ್ನಮ್ಮ ಸ್ವಲ್ಪ ಹೊತ್ತು ನಿಂತಳು. ಹೆಂಗಸರು ನದಿಯ ಕಡೆ ನೋಡಿದರು, ಅವಳ ಕಡೆ ನೋಡಲಿಲ್ಲ. ಅವಳು ಖಾಲಿ ತೆಪ್ಪ ತಿರುಗಿಸಿಕೊಂಡು ಹೊರಟಳು.

ತೆಪ್ಪ ಚಿಕ್ಕದಾಗುವವರೆಗೂ ನಂಜುಂಡ ನೋಡಿದ.

"ಯಾರೂ ಹತ್ತಲಿಲ್ಲ ಮೇಷ್ಟ್ರೇ."

"ಹತ್ತಲ್ಲ."

"ಮತ್ತೆ ನಾವು ಬಂದು ಏನಾಯ್ತು?"

ಮೇಷ್ಟ್ರು ಮರಳಿನ ಮೇಲೆ ಕೂತು ಅಂಗೈ ಪಂಚೆಗೆ ಒರೆಸಿಕೊಂಡರು. ತೆಪ್ಪದ ಅಂಚಿನ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

ನಂಜುಂಡ ಅದನ್ನು ಆಗ ನೋಡಿದ.

"ಮೇಷ್ಟ್ರೇ, ನಿಮಗೆ ಈಜು ಬರಲ್ವಾ?"

"ಅದು ಅವಳಿಗೆ ನಡುನೀರಲ್ಲೇ ಗೊತ್ತಾಯ್ತು," ಅಂದರು ಮೇಷ್ಟ್ರು. "ಅವಳು ಕೇಳಲಿಲ್ಲ."